‘ಡೇಟ್ ಮೂವಿ’ಗೆ ಶನಿವಾರ ಕೊಡಬೇಡಿ

ಪುಣೆಯ ವಿಮಾನ ನಗರದ ಬಾಡಿಗೆ ರೂಮಿನಲ್ಲಿ ಶನಿವಾರ ರಾತ್ರಿ ಏನು ನೋಡೋಣವೆಂದು ಹುಡುಕುವ ನಮ್ಮ ಹುಡುಗ ಹುಡುಗಿಯರೇ, 2006ರ ‘ಡೇಟ್ ಮೂವಿ’ ಕಣ್ಣಿಗೆ ಬಿದ್ದರೆ ಮುಂದಕ್ಕೆ ಹೋಗಿ. ಪ್ರೇಮ-ಹಾಸ್ಯ ಚಿತ್ರಗಳನ್ನು ಅಣಕಿಸಲು ಹೊರಟವರು ಅವನ್ನು ಬರೀ ನೆನಪಿಸಿ ಸುಮ್ಮನಾಗಿದ್ದಾರೆ. ‘ಮೀಟ್ ದಿ ಪೇರೆಂಟ್ಸ್’ನಲ್ಲಿ ಬೆಕ್ಕು ಕಮೋಡ್ ಬಳಸುವುದೇ ನಗು, ಇಲ್ಲಿ ಬೆಕ್ಕನ್ನು ಕೂರಿಸಿ, ಸದ್ದು ಮಾಡಿಸಿ, ನಾವು ಮೂಗು ಮುಚ್ಚಿಕೊಳ್ಳುವಷ್ಟು ಎಳೆದಿದ್ದಾರೆ. ಪಾಪ, ನಾಯಕಿ ಅಲಿಸನ್ ಹ್ಯಾನಿಗನ್!

ಅಣಕವೇ ಬೇಕೆಂದರೆ 1980ರ ‘ಏರ್‌ಪ್ಲೇನ್!’ ನೋಡಿ. 1957ರ ‘ಝೀರೋ ಅವರ್!’ ಕಥೆಯನ್ನೇ ಎತ್ತಿಕೊಂಡರೂ, ಮೂಲ ನೋಡದವರಿಗೂ ನಗು ತಡೆಯಲಾಗದು. ಡಾಕ್ಟರ್ ಪಾತ್ರದ ಲೆಸ್ಲಿ ನೀಲ್ಸನ್ ಗಂಭೀರ ಮುಖದಲ್ಲೇ ಅಸಂಬದ್ಧ ಮಾತಾಡುವುದೇ ಗುಟ್ಟು. ಲೋಹೆಗಾಂವ್‌ ನಿಲ್ದಾಣದಲ್ಲಿ ಇಳಿಯುವ ವಿಮಾನದ ಸದ್ದಿಗೆ ಮಾತು ಕೇಳದಿದ್ದರೆ ಸ್ವಲ್ಪ ಹಿಂದಕ್ಕೆ ಓಡಿಸಿ. ಜೋಕುಗಳು ಬೆನ್ನು ಬೆನ್ನಿಗೆ ಬರುತ್ತವೆ.