ದನಗಳ ಕಂದುರೋಗವನ್ನು ಗುರುತಿಸುವ ಬಗೆ

ಹಸುವಾಗಲಿ ಎಮ್ಮೆಯಾಗಲಿ ಗಬ್ಬದ ಐದನೆಯ ತಿಂಗಳು ಕಳೆದ ಮೇಲೆ ಕಂದು ಹಾಕಿದರೆ, ಅದನ್ನು ದೃಷ್ಟಿದೋಷವೆಂದೋ ಗುಡ್ಡದಲ್ಲಿ ಜಾರಿದ್ದರ ಫಲವೆಂದೋ ಎಣಿಸಿ ಸುಮ್ಮನಿರಲಾಗದು. ಬ್ರೂಸೆಲ್ಲೋಸಿಸ್ ಎಂಬ ಕಂದುರೋಗದ ಮೊದಲ ಗುರುತು ಸಾಮಾನ್ಯವಾಗಿ ಇದೇ. ಇದರ ಸೂಕ್ಷ್ಮಾಣುವನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯನು ಕಂಡುಹಿಡಿದದ್ದು ದನಗಳಲ್ಲಲ್ಲ, ಜ್ವರದಿಂದ ಸತ್ತ ಸಿಪಾಯಿಗಳಲ್ಲಿ. ಎಂದ ಮೇಲೆ ಇದು ಕೊಟ್ಟಿಗೆಯೊಳಗೇ ಮುಗಿಯುವ ಜಾಡ್ಯವಲ್ಲವೆಂಬುದು ಸ್ಪಷ್ಟ.

ಸೀತೂರಿನಂಥ ಮಲೆನಾಡಿನ ಗ್ರಾಮಗಳಲ್ಲಿ ಕೊಟ್ಟಿಗೆಗೆ ಸೊಪ್ಪು, ದರಗು ಹಾಸುವ ರೂಢಿಯುಂಟು. ಕಂದೂ ಮಾಸೂ ಆ ಹಾಸಿನೊಡನೆ ಗೊಬ್ಬರದ ಗುಂಡಿ ಸೇರಿದರೆ, ಬಿಸಿಲು ತಾಗದ ತಂಪಿನಲ್ಲಿ ಸೂಕ್ಷ್ಮಾಣುಗಳು ತಿಂಗಳುಗಟ್ಟಲೆ ಬದುಕಬಲ್ಲವು. ಬೇಲಿಯಾಚೆ ಎಸೆದರಂತೂ ಬೀದಿನಾಯಿಗಳು ಎಳೆದಾಡಿ ಗೋಮಾಳಕ್ಕೆಲ್ಲ ಹರಡುವುವು. ಆ ನಾಯಿಗಳಿಗೂ ರೋಗ ತಗಲುವುದುಂಟು.

ಮಾಸು ಬೀಳದೆ ನಿಲ್ಲುವುದು, ಮೊಣಕಾಲಿನಲ್ಲಿ ನೀರು ತುಂಬಿದ ಬಾವು, ಹೋರಿಯ ಬೀಜ ಊದುವುದು, ಇವೂ ಲಕ್ಷಣಗಳೇ. ಬೀಡಾಡಿ ದನ ಕಂದು ಹಾಕಿದ್ದನ್ನು ನೋಡುವವರಿಲ್ಲದ ಕಾರಣ ಅದರ ಮೊಣಕಾಲನ್ನು ವಿಶೇಷವಾಗಿ ಗಮನಿಸತಕ್ಕದ್ದು. ಆದರೆ ಇಲಿಜ್ವರದ ಸೂಕ್ಷ್ಮಾಣುವೂ ಕಂದು ಹಾಕಿಸುವುದರಿಂದ, ಕಣ್ಣಿಗೆ ಕಂಡದ್ದರ ಮೇಲೆಯೇ ತೀರ್ಮಾನಿಸಬಾರದು. ಪಶುವೈದ್ಯರು ರಕ್ತದ ತಿಳಿಯನ್ನು ಕೆಂಪು ದ್ರಾವಣದ ಹನಿಯೊಡನೆ ಬೆರೆಸುವರು. ರೋಗವಿದ್ದರೆ ಅದು ಕಣಕಣವಾಗಿ ಒಡೆಯುವುದು. ಹಾಲಿನ ಸಂಘವಿರುವ ಊರಿಗೆ ಇನ್ನೂ ಸುಲಭವಾದ ಪರೀಕ್ಷೆಯೊಂದಿದೆ: ಹಲವು ಹಸುಗಳ ಬೆರಕೆ ಹಾಲಿಗೆ ಬಣ್ಣದ ದ್ರಾವಣ ಹಾಕಿದಾಗ ಮೇಲಿನ ಕೆನೆಯಲ್ಲಿ ನೀಲಿಯ ಉಂಗುರ ಕಟ್ಟಿದರೆ, ಮನೆಮನೆಯ ದನಗಳ ರಕ್ತವನ್ನು ನೋಡಬೇಕೆಂದು ತಿಳಿಯುವುದು.

ಒಮ್ಮೆ ಕಂದು ಹಾಕಿದ ಹಸು ಮರುವರ್ಷ ತುಂಬು ಕರುವನ್ನು ಈಯುವುದು ಸಾಮಾನ್ಯ. ರೈತರು ಮೋಸಹೋಗುವುದು ಇಲ್ಲಿಯೇ. ರೋಗ ಹೋಗಿರುವುದಿಲ್ಲ, ಹಾಲಿನಲ್ಲಿಯೂ ಈದಾಗಿನ ಸ್ರಾವದಲ್ಲಿಯೂ ಸೂಕ್ಷ್ಮಾಣು ಬರುತ್ತಲೇ ಇರುವುದು. ಅಂಥ ಹಸುವನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳುವುದು ನೆರೆಯವನ ಕೊಟ್ಟಿಗೆಗೆ ಬೆಂಕಿ ಇಟ್ಟಂತೆಯೇ ಸರಿ.

ಕಂದನ್ನು ಬರಿಗೈಯಿಂದ ಮುಟ್ಟಬಾರದು. ಗರ್ಭಿಣಿಯರು ಹತ್ತಿರ ಸುಳಿಯಲೂ ಬಾರದು. ವೈದ್ಯರು ನೋಡಿದ ಮೇಲೆ ಹಾಸಿನ ಸಮೇತ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು, ನಾಯಿಗಳು ಕೆದಕದಂತೆ ಕಲ್ಲು ಹೇರತಕ್ಕದ್ದು. ಹಾಲನ್ನು ಉಕ್ಕಿಸಿಯೇ ಕುಡಿಯಬೇಕು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಂದೇ ಸಲ ಹಾಕುವ ಲಸಿಕೆಯುಂಟು. ಗಬ್ಬದ ಹಸುವಿಗೂ ಹೋರಿಗೂ ಅದು ಸಲ್ಲದು.

2009ರ ಕಾಯಿದೆಯಂತೆ ಶಂಕೆ ಬಂದೊಡನೆ ದನದ ಒಡೆಯನು ಗ್ರಾಮ ಪಂಚಾಯಿತಿಗೆ ತಿಳಿಸಬೇಕು. ಊರಿನ ಮುಖಂಡರು ಇದನ್ನು ಮನೆಯ ಮಾನದ ಪ್ರಶ್ನೆಯನ್ನಾಗಿ ಮಾಡಿ ಮುಚ್ಚಿಡಲು ಬಿಡಬಾರದು.

ದನ ನೋಡಿಕೊಳ್ಳುವವರಿಗೆ ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಕಂಡರೆ, ಈ ಸೀಮೆಯಲ್ಲಿ ಮೊದಲು ಮಂಗನ ಕಾಯಿಲೆಯ ನೆನಪೇ ಆಗುವುದು. ಅದರೊಡನೆ, ಕಂದು ಹಾಕಿದ ಹಸುವನ್ನು ಮುಟ್ಟಿದ ಸಂಗತಿಯನ್ನೂ ವೈದ್ಯರಿಗೆ ಹೇಳತಕ್ಕದ್ದು. ಔಷಧವನ್ನು ಆರು ವಾರ ತಪ್ಪದೆ ತೆಗೆದುಕೊಂಡರೆ ಗುಣವಾಗುವುದು. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುವುದು.