ಶಸ್ತ್ರಕ್ರಿಯೆಯ ಅನಂತರದ ಆಯುಷ್ಯ

ಪ್ರಶ್ನೆ: ಮಗನಿಗೆ ಆಸ್ಟಿಯೊಸಾರ್ಕೋಮಾ (ಎಲುಬಿನ ಕ್ಯಾನ್ಸರ್). ಮೊಣಕಾಲ ಬಳಿಯ ಎಲುಬನ್ನು ತೆಗೆದು ಲೋಹದ ಕೀಲನ್ನಿರಿಸಿದ್ದಾರೆ. ಮುಂದೇನು?
– ಓರ್ವ ತಾಯಿ, ಅಕ್ಕಲಕೋಟೆ

ಉತ್ತರ: ತಾಯೀ, ಅಂಗಚ್ಛೇದನವೊಂದನ್ನೇ ನೆಚ್ಚಿಕೊಂಡಿದ್ದ, 1970ರ ದಶಕಕ್ಕಿಂತ ಹಿಂದಿನ ಕಾಲದಲ್ಲಿ, ಐವರಲ್ಲೊಬ್ಬರು ಬದುಕುಳಿಯುವುದೂ ದುರ್ಲಭವಾಗಿದ್ದಿತು; ಕೀಮೋಥೆರಪಿಯು ಶಸ್ತ್ರಚಿಕಿತ್ಸೆಯೊಡನೆ ಕೂಡಿದ ಮೇಲೆ, ರೋಗವು ಅನ್ಯತ್ರ ಹರಡದಿದ್ದವರಲ್ಲಿ ನೂರಕ್ಕೆ 60ರಿಂದ 70 ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಗಡ್ಡೆಯು ನಿಶ್ಶೇಷವಾಗಿ ತೆಗೆಯಲ್ಪಟ್ಟಿದ್ದರೆ, ಕಾಲನ್ನುಳಿಸಿಕೊಂಡ ಕಾರಣದಿಂದ ಆಯುಷ್ಯವು ಕುಂದದು. ತೆಗೆದ ಗಡ್ಡೆಯಲ್ಲಿ ನೂರಕ್ಕೆ 90 ಭಾಗವಾದರೂ ಔಷಧದಿಂದ ನಾಶವಾಗಿದೆಯೆಂದು ಪೆಥಾಲಜಿ ವರದಿಯು ಹೇಳಿದರೆ ಅದು ಶುಭಲಕ್ಷಣ; ಕಡಿಮೆಯಿದ್ದರೂ ಹತಾಶರಾಗಬೇಕಾಗಿಲ್ಲ.

ರೋಗವು ಮರುಕಳಿಸುವುದಾದರೆ ಬಹುಮಟ್ಟಿಗೆ ಮೊದಲ ಎರಡು ಮೂರು ವರ್ಷಗಳಲ್ಲಿ, ಅದೂ ಪ್ರಾಯಶಃ ಶ್ವಾಸಕೋಶದಲ್ಲಿ; ಆದಕಾರಣ ಮೊದಲೆರಡು ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ನಡೆಯುವ ಎದೆಯ ಪರೀಕ್ಷೆಯನ್ನು, ಮಗನು ಎಷ್ಟೇ ಸ್ವಸ್ಥನಾಗಿ ಕಂಡರೂ, ತಪ್ಪಿಸಬಾರದು. ಅಲ್ಲಿ ಕಂಡ ಗಂಟನ್ನೂ ಕೆಲವೊಮ್ಮೆ ಕತ್ತರಿಸಿ ಗುಣಪಡಿಸಬಹುದು. ಲೋಹದ ಕೀಲು ಕಾಲಾಂತರದಲ್ಲಿ ಸವೆಯುವುದುಂಟು. ಜ್ವರ, ಬಾವು, ಹೊಸ ನೋವುಗಳು ತೋರಿದರೆ ವಿಳಂಬಿಸಬೇಡಿ. ಕೀಮೋಥೆರಪಿಯಲ್ಲಿ ಡಾಕ್ಸೊರುಬಿಸಿನ್ ಪಡೆದಿದ್ದರೆ ಹೃದಯವನ್ನೂ, ಸಿಸ್‌ಪ್ಲಾಟಿನ್ ಪಡೆದಿದ್ದರೆ ಶ್ರವಣಶಕ್ತಿಯನ್ನೂ ಪರೀಕ್ಷಿಸುತ್ತಿರಬೇಕು. ನಿಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿಯೇ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿರುವುದರಿಂದ, ಯಾವ ಪರೀಕ್ಷೆಗಳನ್ನು ಅಲ್ಲಿ ನಡೆಸಬಹುದೆಂದು ನಿಮ್ಮ ಶಸ್ತ್ರವೈದ್ಯರನ್ನೇ ಕೇಳಿ, ಮುಂದಿನ ಐದು ವರ್ಷಗಳ ವೇಳಾಪಟ್ಟಿಯನ್ನು ಈಗಲೇ ಬರೆಸಿಕೊಳ್ಳಿರಿ.