ಅಲ್ಯೂಮಿನಿಯಂ ಬೆಸುಗೆ: ಮಿಗ್ ಅಥವಾ ಟಿಗ್?

ನಾರಾವಿಯಂತಹ ಊರುಗಳ ಸಣ್ಣ ಉದ್ದಿಮೆದಾರರು ಅಲ್ಯೂಮಿನಿಯಂ ಬೆಸುಗೆಯ ಯಂತ್ರ ಕೊಳ್ಳುವ ಮುನ್ನ, ಬೆಲೆಗಿಂತ ಮೊದಲು ಕೆಲಸದ ಸ್ವರೂಪವನ್ನು ಪರಿಶೀಲಿಸಬೇಕು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. ಈ ಪದರವನ್ನು ಒಡೆಯಲು ಟಿಗ್ ವಿಧಾನದಲ್ಲಿ ಸಾಮಾನ್ಯವಾಗಿ ಎ.ಸಿ. ವಿದ್ಯುತ್ ಬಳಸಲಾಗುತ್ತದೆ. ಆದ್ದರಿಂದ ಅಗ್ಗವೆಂದು ಡಿ.ಸಿ. ಮಾತ್ರವುಳ್ಳ ಟಿಗ್ ಯಂತ್ರ ಕೊಂಡರೆ ಬಂಡವಾಳ ವ್ಯರ್ಥವಾದೀತು.

ತೆಳು ತಗಡು, ನಾಜೂಕಿನ ದುರಸ್ತಿಗೆ ಟಿಗ್ ಸೂಕ್ತ. ಆದರೆ ಅದು ನಿಧಾನ, ನುರಿತ ಕೈ ಅಗತ್ಯ. 3 ಮಿ.ಮೀ.ಗೂ ದಪ್ಪನಾದ ವಸ್ತುವಿನ ಉದ್ದನೆಯ ಬೆಸುಗೆಗೆ ಮಿಗ್ ಲಾಭಕರ. ಮೃದುವಾದ ತಂತಿ ಸಿಕ್ಕಿಕೊಳ್ಳದಂತೆ ಸ್ಪೂಲ್ ಗನ್ ಇರಲಿ. ಎರಡಕ್ಕೂ ಆರ್ಗಾನ್ ಬೇಕು. ಉಕ್ಕಿಗೆ ಬಳಸುವ ಇಂಗಾಲದ ಡೈಆಕ್ಸೈಡ್ ಸಲ್ಲದು.

ಒಂದು ಮೀಟರ್ ಬೆಸುಗೆಗೆ ತಗಲುವ ಕೂಲಿ, ಅನಿಲ, ತಂತಿ, ಸವಕಳಿ ಹಾಗೂ ಮರುಕೆಲಸದ ವೆಚ್ಚವನ್ನು ಕೂಡಿಸಿ ನೋಡಿದ ಬಳಿಕವೇ ನಿರ್ಧರಿಸುವುದು ಕ್ಷೇಮ.